ಬೋಧಕನನ್ನು ಪೋಷಿಸುವವನ ಹೊಣೆ

ಹಣ ಕೊಡುವ ಕಷ್ಟ ಒಂದು ಕ್ಷಣದ್ದು. ಕೊಟ್ಟ ಹಣವು ಎಲ್ಲಿಗೆ ಹೋಯಿತು, ಯಾರ ಕೈಯಲ್ಲಿ ಏನು ಮಾಡಿತು ಎಂದು ವಿಚಾರಿಸುವ ಕಷ್ಟ ಬಹುಕಾಲದ್ದು. ಆದುದರಿಂದಲೇ ದಾನಿಯಾದವನು ಸಾಮಾನ್ಯವಾಗಿ ಹಣವು ಕೈಬಿಟ್ಟೊಡನೆ ತನ್ನ ಹೊಣೆಯೂ ಮುಗಿಯಿತೆಂದು ಭಾವಿಸುವನು. ಕೊಟ್ಟ ವಸ್ತುವು ಹಸಿದವನ ಬಾಯಿಗೆ ನೇರವಾಗಿ ಸೇರುವ ಅನ್ನವಾದರೆ ಈ ಭಾವನೆಯಿಂದ ದೊಡ್ಡ ಕೇಡೇನೂ ಆಗದು. ಆದರೆ ಒಬ್ಬನು ಇನ್ನೊಬ್ಬನ ಶ್ರದ್ಧೆಯನ್ನು ಮುಟ್ಟುವ ಕಾರ್ಯಕ್ಕೆ ಹೊರಟಿರುವಾಗ, ಮೂರನೆಯವನೊಬ್ಬನು ತನ್ನ ಮನೆಯಲ್ಲಿಯೇ ಕುಳಿತು ಆ ಕಾರ್ಯಕರ್ತನ ಊಟ ವಸತಿಗಳಿಗೆಂದು ಹಣ ಕಳುಹಿಸಿದರೆ, ಆ ಮೂರನೆಯವನ ಹೊಣೆ ಎಷ್ಟು? ಮತಾಂತರದ ವಿಷಯವಾಗಿ ಬೋಧಕನ ಗುಣದೋಷಗಳನ್ನು ಕುರಿತು ಎಲ್ಲ ದೇಶಗಳಲ್ಲಿಯೂ ಬಹಳ ಚರ್ಚೆ ನಡೆದಿದೆ. ಬೋಧಕನ ಬೆನ್ನ ಹಿಂದೆ ನಿಂತಿರುವ ಈ ಪೋಷಕನನ್ನು ಕುರಿತ ವಿಚಾರವು ಅಷ್ಟಾಗಿ ನಡೆದಂತೆ ಕಾಣುವುದಿಲ್ಲ.

ಈ ಪ್ರಶ್ನೆಯು ಇಂದು ಬಹು ಸ್ಪಷ್ಟವಾಗಿ ಕಾಣಬರುವ ಸ್ಥಳ ಯೂರೋಪು, ಅದರಲ್ಲಿಯೂ ಜರ್ಮನಿ. ಎರಡನೆಯ ಮಹಾಯುದ್ಧದ ತರುವಾಯ ಕಾರ್ಖಾನೆಗಳಿಗೆ ಆಳು ಸಾಲದೆ, ಪಶ್ಚಿಮ ಜರ್ಮನಿಯ ಸರ್ಕಾರವು ೧೯೬೧ನೆಯ ಅಕ್ಟೋಬರ್ ೩೦ರಂದು ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿಂದ ಕೆಲಸಗಾರರನ್ನು ಕರೆಸಿಕೊಂಡಿತು. ಕೆಲವು ವರ್ಷ ದುಡಿದು ಹಿಂದಿರುಗತಕ್ಕ ಅತಿಥಿಗಳೆಂದು ಅವರನ್ನು ಎಣಿಸಲಾಗಿತ್ತು. ೧೯೭೩ರಲ್ಲಿ ಈ ನೇಮಕವು ನಿಂತಿತು. ಬಂದವರಲ್ಲಿ ಅನೇಕರು ಅಲ್ಲಿಯೇ ನೆಲೆಸಿ, ಹೆಂಡಿರು ಮಕ್ಕಳನ್ನು ಕರೆಸಿಕೊಂಡು, ಮಸೀದಿಗಳನ್ನು ಕಟ್ಟಿಕೊಂಡು, ಆ ದೇಶದವರೇ ಆದರು. ಬಳಿಕ ೨೦೧೫ನೆಯ ಒಂದೇ ವರ್ಷದಲ್ಲಿ ಸಿರಿಯಾ, ಆಫ್ಘಾನಿಸ್ತಾನ, ಇರಾಕ್ ಮೊದಲಾದ ದೇಶಗಳಿಂದ ಸುಮಾರು ೮ ಲಕ್ಷ ೯೦ ಸಾವಿರ ಜನರು ಆಶ್ರಯವನ್ನು ಕೋರಿ ಜರ್ಮನಿಗೆ ಬಂದರು. ಇವರಲ್ಲಿ ಬಹುಮಂದಿ ಮುಸಲ್ಮಾನರು. ಭಾಷೆ ಬಾರದ ನಾಡು, ತಿಳಿಯದ ಕಾನೂನು, ಊರಿನಲ್ಲಿ ಉಳಿದ ತಂದೆತಾಯಿಗಳ ಚಿಂತೆ, ನಾಳೆ ಇಲ್ಲಿಂದಲೂ ಹೊರದೂಡುವರೋ ಎಂಬ ಭಯ, ಇವೇ ಅವರಲ್ಲಿ ಅನೇಕರ ಆಸ್ತಿಯಾಗಿದ್ದುವು.

ಇಂಥವರ ನಡುವೆ ಕೆಲಸಮಾಡುವ ಕ್ರೈಸ್ತ ಬೋಧಕರುಂಟು. ಅವರು ಭಾಷೆಯನ್ನು ಕಲಿಸುವರು, ಕಚೇರಿಗಳಿಗೆ ಜೊತೆಯಲ್ಲಿ ಹೋಗುವರು, ಅರ್ಜಿ ಬರೆದುಕೊಡುವರು, ಹೆರಿಗೆಯಾದವಳನ್ನೂ ಕಾಯಿಲೆ ಬಿದ್ದವನನ್ನೂ ನೋಡಿಬರುವರು. ಕೇಳಿದವರೊಡನೆ ಕುಳಿತು ಬೈಬಲನ್ನು ಓದುವರು. ಜರ್ಮನಿಯ ದೊಡ್ಡ ಕ್ರೈಸ್ತಸಭೆಗಳಿಗೆ ಸರ್ಕಾರದ ಮೂಲಕ ವಸೂಲಾಗುವ ತೆರಿಗೆಯ ಆದಾಯವಿರುವುದರಿಂದ ಅವುಗಳ ಪಾದ್ರಿಗಳಿಗೆ ಸಂಬಳವುಂಟು. ಸ್ವತಂತ್ರ ಸಭೆಗಳ ಬೋಧಕರು, ಹೊರದೇಶಗಳಿಂದ ಬಂದ ಬೋಧಕರು ಮುಂತಾದವರಲ್ಲಿ ಹಲವರಿಗೆ ಅಂಥ ಸಂಬಳವಿಲ್ಲ. ಅವರ ಊರಿನ ಸಭೆಗಳೂ ಬಂಧುಮಿತ್ರರ ಮನೆಗಳೂ ತಿಂಗಳು ತಿಂಗಳು ಇಷ್ಟಿಷ್ಟೆಂದು ಕಳುಹಿಸುವ ಹಣವೇ ಜೀವನಾಧಾರ. ೧೮೬೫ರಲ್ಲಿ ಹಡ್ಸನ್ ಟೇಲರನು ಚೀನಾದೇಶಕ್ಕಾಗಿ ಸ್ಥಾಪಿಸಿದ ಮಿಷನ್ನಿನಲ್ಲಿ ನಿಶ್ಚಿತ ಸಂಬಳವೂ ಇರಲಿಲ್ಲ, ಯಾರನ್ನೂ ಹಣ ಬೇಡಲೂ ಕೂಡದೆಂಬ ನಿಯಮವಿತ್ತು. ಅಷ್ಟು ಕಠಿನವಾದ ನಿಯಮವನ್ನು ಎಲ್ಲರೂ ಹಿಡಿಯಲಾರರು. ಈಗಿನ ಬೋಧಕರು ಪೋಷಕರಿಗೆ ಆಗಾಗ ಪತ್ರ ಬರೆದು ಕಾರ್ಯದ ಸಮಾಚಾರವನ್ನು ತಿಳಿಸುತ್ತಿರುವರು. ಆ ಪತ್ರದಲ್ಲಿ ಏನು ಬರೆಯಬೇಕು ಎಂಬಲ್ಲಿಯೇ ಈ ವಿಚಾರದ ಗಂಟು ಇದೆ.

ಇಂಥ ಬೋಧಕನನ್ನು ಪೋಷಿಸುವುದು ಧರ್ಮವೋ, ಅಲ್ಲವೋ? ಇದು ಸಂಶಯ.

ಅಲ್ಲವೆಂಬ ಪಕ್ಷವು ಹೀಗೆ ವಾದಿಸುತ್ತದೆ. ಮನೆಮಠ ಕಳೆದುಕೊಂಡವನು ಸ್ವತಂತ್ರನಲ್ಲ. ಅನ್ನವಿಕ್ಕಿದ ಕೈಯೇ ಗ್ರಂಥವನ್ನೂ ನೀಡಿದರೆ ಅವನು ಬೇಡವೆನ್ನುವುದು ಹೇಗೆ? ಅದರ ಮೇಲೆ ಇನ್ನೊಂದು ತೊಡಕುಂಟು. ಇರಾನಿನಿಂದಲೋ ಆಫ್ಘಾನಿಸ್ತಾನದಿಂದಲೋ ಬಂದವನು ಕ್ರೈಸ್ತನಾದರೆ, ಹಿಂದಿರುಗಿದಾಗ ಅವನ ಪ್ರಾಣಕ್ಕೇ ಅಪಾಯವಿರಬಹುದಾದುದರಿಂದ, ಆ ಕಾರಣದ ಮೇಲೆಯೇ ಅವನಿಗೆ ಜರ್ಮನಿಯಲ್ಲಿ ಆಶ್ರಯವು ದೊರೆಯಬಹುದು. ಹೀಗೆ ದೀಕ್ಷಾಸ್ನಾನವು ಪರಲೋಕದ ವಿಷಯವಾಗಿ ಮಾತ್ರ ಉಳಿಯದೆ ಇಹಲೋಕದ ಲಾಭವೂ ಆಗಿದೆ. ಇಂಥ ಸ್ಥಿತಿಯಲ್ಲಿ ಬೋಧೆಮಾಡುವುದೇ ಆಮಿಷವೊಡ್ಡಿದಂತೆ. ಕ್ರೈಸ್ತರೊಳಗೂ ಈ ಶಂಕೆ ಇಲ್ಲದಿಲ್ಲ. ಜರ್ಮನಿಯ ರೈನ್ ಪ್ರಾಂತದ ಇವ್ಯಾಂಜೆಲಿಕಲ್ ಸಭೆಯು ೨೦೧೮ನೆಯ ಜನವರಿಯ ತನ್ನ ಮಹಾಸಭೆಯಲ್ಲಿ, ಮುಸಲ್ಮಾನರನ್ನು ಮತಾಂತರಗೊಳಿಸುವ ಉದ್ದೇಶದ ಬೋಧೆಯು ತನ್ನ ಮಾರ್ಗವಲ್ಲವೆಂಬ ಅಭಿಪ್ರಾಯವನ್ನು ಸ್ವೀಕರಿಸಿತು.

ಧರ್ಮವೇ ಎಂಬ ಪಕ್ಷದ ವಾದವೂ ದುರ್ಬಲವಾದುದಲ್ಲ. ನಿರಾಶ್ರಿತನು ಬಡವನಾದ ಮಾತ್ರಕ್ಕೆ ಬುದ್ಧಿಯಿಲ್ಲದ ಶಿಶುವಾಗುವನೆ? ಕೇಳುವ, ಹೋಲಿಸಿ ನೋಡುವ, ಬದಲಾಗುವ ಅಧಿಕಾರ ಶ್ರೀಮಂತನಿಗಿರುವಂತೆ ಅವನಿಗೂ ಉಂಟು. ಸಂಯುಕ್ತ ರಾಷ್ಟ್ರಗಳ ಮಹಾಸಭೆಯು ೧೯೪೮ನೆಯ ಡಿಸೆಂಬರ್ ೧೦ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯ ೧೮ನೆಯ ವಿಧಿಯಲ್ಲಿ ಮತವನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯವೂ ಸೇರಿದೆ. ಅಂದು ಮತ ನೀಡದೆ ತಟಸ್ಥವಾಗಿದ್ದ ೮ ದೇಶಗಳಲ್ಲಿ ಸೌದಿ ಅರೇಬಿಯವೂ ಒಂದು. ಆದರೆ ಪಾಕಿಸ್ತಾನದ ವಿದೇಶಾಂಗ ಮಂತ್ರಿ ಜಫರುಲ್ಲಾ ಖಾನರು ಆ ವಿಧಿಯನ್ನು ಸಮರ್ಥಿಸಿದರು. ಹೀಗೆ ಮತಬೋಧೆಗಾಗಿ ದೂರದಿಂದ ಹಣ ಕಳುಹಿಸುವ ಪದ್ಧತಿ ಕ್ರೈಸ್ತರಲ್ಲಿ ಮಾತ್ರ ಇರುವುದೂ ಅಲ್ಲ. ಇಂಗ್ಲೆಂಡಿನ ವೋಕಿಂಗ್ ಎಂಬ ಊರಿನಲ್ಲಿ ೧೮೮೯ರಲ್ಲಿ ಕಟ್ಟಿದ ಮಸೀದಿಗೆ ಭೋಪಾಲದ ಬೇಗಮರು ಧನಸಹಾಯ ಮಾಡಿದರು. ಲಾಹೋರಿನ ವಕೀಲರಾದ ಖ್ವಾಜಾ ಕಮಾಲುದ್ದೀನರು ೧೯೧೩ರಲ್ಲಿ ಅಲ್ಲಿಯೇ ಇಸ್ಲಾಮನ್ನು ಬೋಧಿಸುವ ಕೇಂದ್ರವನ್ನು ಸ್ಥಾಪಿಸಿದರು. ೧೮೯೩ರಲ್ಲಿ ವಿವೇಕಾನಂದರು ಚಿಕಾಗೋವಿಗೆ ಹೋಗುವುದಕ್ಕೆ, ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದ್ರಾಸಿನಲ್ಲಿ ಉಪಾಧ್ಯಾಯರಾಗಿದ್ದ ಅಳಸಿಂಗ ಪೆರುಮಾಳರು ಮನೆಮನೆಗೂ ಹೋಗಿ ಚಂದಾ ಎತ್ತಿದರು. ಅದನ್ನು ಪುಣ್ಯಕಾರ್ಯವೆಂದು ಕೊಂಡಾಡುವವನು ಇನ್ನೊಬ್ಬರ ಚಂದಾಪಟ್ಟಿಯನ್ನು ಕಂಡು ಮುಖ ಸಿಂಡರಿಸುವುದು ನ್ಯಾಯವಲ್ಲ.

ಈ ಎರಡು ಪಕ್ಷಗಳ ನಡುವೆ ನ್ಯಾಯಸ್ಥಾನಗಳು ಒಂದು ಗೆರೆಯನ್ನೆಳೆದಿವೆ. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಮಿನೋಸ್ ಕೊಕ್ಕಿನಾಕಿಸ್ ಎಂಬ ಯೆಹೋವನ ಸಾಕ್ಷಿಗಳ ಪಂಥದ ವೃದ್ಧನು ನೆರೆಯವರಿಗೆ ತನ್ನ ಮತವನ್ನು ಹೇಳಿದುದಕ್ಕಾಗಿ ೬೦ಕ್ಕೂ ಹೆಚ್ಚು ಬಾರಿ ಸೆರೆಹಿಡಿಯಲ್ಪಟ್ಟಿದ್ದನು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ೧೯೯೩ನೆಯ ಮೇ ೨೫ರಂದು ಅವನ ಪರವಾಗಿ ತೀರ್ಪಿತ್ತಿತು. ತನ್ನ ಶ್ರದ್ಧೆಗೆ ಸಾಕ್ಷಿ ನುಡಿಯುವುದು ಬೇರೆ. ಸವಲತ್ತುಗಳ ಆಸೆ ತೋರಿಸಿಯೋ, ಕಷ್ಟದಲ್ಲಿರುವವರನ್ನು ಒತ್ತಾಯಿಸಿಯೋ ಜನರನ್ನು ಸೆಳೆಯುವುದು ಬೇರೆ ಎಂದು ಆ ತೀರ್ಪಿನಲ್ಲಿ ವಿಂಗಡಿಸಿದೆ. ಐದು ವರ್ಷದ ತರುವಾಯ, ೧೯೯೮ರಲ್ಲಿ, ಗ್ರೀಸಿನದೇ ಇನ್ನೊಂದು ಮೊಕದ್ದಮೆಯಲ್ಲಿ ವಾಯುಪಡೆಯ ಅಧಿಕಾರಿಗಳು ತಮ್ಮ ಕೈಕೆಳಗಿನ ಸೈನಿಕರಿಗೆ ಮತಬೋಧೆ ಮಾಡಿದುದಕ್ಕೆ ಆದ ಶಿಕ್ಷೆಯನ್ನು ಅದೇ ನ್ಯಾಯಾಲಯವು ಒಪ್ಪಿತು. ಹೊರಗಿನ ಜನರಿಗೆ ಬೋಧಿಸಿದುದಕ್ಕೆ ಆದ ಶಿಕ್ಷೆಯನ್ನು ಒಪ್ಪಲಿಲ್ಲ. ಮಾತು ಎರಡು ಕಡೆಯೂ ಒಂದೇ. ಕೇಳುವವನು ಎದ್ದು ಹೋಗಬಲ್ಲನೋ ಇಲ್ಲವೋ ಎಂಬುದರಲ್ಲಿ ಭೇದ. ಕ್ರೈಸ್ತಸಭೆಗಳು ತಾವಾಗಿಯೇ ಈ ಗೆರೆಯನ್ನು ಒಪ್ಪಿಕೊಂಡಿವೆ. ಸಭೆಗಳ ವಿಶ್ವಮಂಡಲಿ, ರೋಮಿನ ಪೀಠದ ಸರ್ವಮತ ಸಂವಾದ ಪರಿಷತ್ತು, ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ, ಈ ಮೂರೂ ಸೇರಿ ೨೦೧೧ನೆಯ ಜೂನ್ ೨೮ರಂದು ಜಿನೀವಾದಲ್ಲಿ ಪ್ರಕಟಿಸಿದ ಪತ್ರದಲ್ಲಿ, ಬಡತನವನ್ನು ಬೋಧೆಗೆ ಸಾಧನವಾಗಿ ಬಳಸಕೂಡದೆಂದೂ, ಹಣದ ಆಮಿಷ ಕೂಡದೆಂದೂ, ಮತ ಬದಲಿಸುವವನಿಗೆ ಆಲೋಚನೆಗೆ ಸಾಕಷ್ಟು ಕಾಲ ಕೊಡಬೇಕೆಂದೂ ವಿಧಿಸಿವೆ.

ಇಷ್ಟರಿಂದ ಬೋಧಕನ ಧರ್ಮವು ನಿಶ್ಚಯವಾದಂತಾಯಿತು. ಆದರೆ ಈ ತೀರ್ಪುಗಳ ಕಣ್ಣಿಗೆ ಬೀಳುವವನು ಬಾಗಿಲು ತಟ್ಟಿದವನು. ಅವನಿಗೆ ದಾರಿಯ ಖರ್ಚು ಕೊಟ್ಟವನನ್ನು ಯಾವ ನ್ಯಾಯಸ್ಥಾನವೂ ಕರೆಸಿ ವಿಚಾರಿಸುವುದಿಲ್ಲ. ಅವನನ್ನು ವಿಚಾರಿಸಬೇಕಾದುದು ಶಾಸ್ತ್ರ.

ಈ ವಿಷಯದಲ್ಲಿ ಮೀಮಾಂಸಾಶಾಸ್ತ್ರದ ಒಂದು ನಿರ್ಣಯವು ಬಹಳ ಉಪಕಾರಿಯಾಗಿದೆ. ಯಜ್ಞದಲ್ಲಿ ಆಹುತಿ ಕೊಡುವವರು, ಮಂತ್ರ ಹೇಳುವವರು, ಸಾಮ ಹಾಡುವವರು ಋತ್ವಿಜರು. ಯಜಮಾನನು ಮಾಡುವ ಮುಖ್ಯಕಾರ್ಯಗಳಲ್ಲಿ ಒಂದು ದಕ್ಷಿಣೆ ಕೊಡುವುದು. ಹಾಗಾದರೆ ಫಲವು ಯಾರಿಗೆ? ಜೈಮಿನಿಯ ಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಈ ಪ್ರಶ್ನೆಯನ್ನೆತ್ತಿ, ದಕ್ಷಿಣೆಯಿಂದ ಋತ್ವಿಜರನ್ನು ಪರಿಕ್ರಯ ಮಾಡಿಕೊಂಡು ಕರ್ಮವನ್ನು ನಡೆಯಿಸಿದ ಯಜಮಾನನಿಗೇ ಫಲವೆಂದು ಸಿದ್ಧಾಂತಮಾಡಿದೆ. ಇದನ್ನು ಕೇಳಿ ಯಜಮಾನನು ಸಂತೋಷಪಡುವುದು ಸಹಜ. ಆದರೆ ಸತ್ಫಲವು ತನ್ನದೆಂದು ಸ್ವೀಕರಿಸಿದವನು ದುಷ್ಫಲವನ್ನು ಋತ್ವಿಜನ ತಲೆಗೆ ಕಟ್ಟಲಾದೀತೆ? ಮಾಡಿದವನು, ಮಾಡಿಸಿದವನು, ಪ್ರೇರಿಸಿದವನು, ಅನುಮೋದಿಸಿದವನು ಎಂಬ ನಾಲ್ವರೂ ಪುಣ್ಯಪಾಪಗಳಲ್ಲಿ ಸಮಭಾಗಿಗಳೆಂದು ಹಳೆಯ ಜನರು ಹೇಳುತ್ತ ಬಂದಿರುವುದೂ ಇದೇ ಅರ್ಥದಿಂದ. ಬೋಧಕನನ್ನು ಪೋಷಿಸುವವನು ಇವರಲ್ಲಿ ಎರಡನೆಯವನು. ನಿರಾಶ್ರಿತನ ಮನೆಯ ಹೊಸ್ತಿಲನ್ನು ಬೋಧಕನೊಡನೆ ಅವನೂ ದಾಟುತ್ತಾನೆ.

ಹೀಗೆ ದಾಟುವಾಗ ಅವನು ಏನನ್ನು ಹೊತ್ತು ಹೋಗುತ್ತಾನೆ ಎಂಬುದೇ ಪ್ರಕೃತ. ಒಬ್ಬ ಬೋಧಕನು ಹತ್ತು ಮಂದಿ ತರುಣರಿಗೆ ಭಾಷೆ ಕಲಿಸುತ್ತಿರುವನೆಂದು ಭಾವಿಸಬಹುದು. ಮೂರು ವರ್ಷ ಕಳೆದಿದೆ. ಅವರಲ್ಲಿ ಕೆಲವರು ಉದ್ಯೋಗಕ್ಕೆ ಸೇರಿದ್ದಾರೆ, ಒಬ್ಬನು ಮದುವೆಯಾಗಿದ್ದಾನೆ, ಇಬ್ಬರು ಅವನ ಆಪ್ತಮಿತ್ರರಾಗಿದ್ದಾರೆ. ಕ್ರೈಸ್ತನಾದವನು ಒಬ್ಬನೂ ಇಲ್ಲ. ಪೋಷಕರ ಪತ್ರ ಬರುತ್ತದೆ: ಈ ವರ್ಷ ಎಷ್ಟು ಮಂದಿ? ಕೇಳಿದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿರಬೇಕೆಂದಿಲ್ಲ. ಆದರೆ ಕೇಳಿಸಿಕೊಂಡವನಿಗೆ ಮನೆಬಾಡಿಗೆಯೂ ಮಕ್ಕಳ ಶಾಲೆಯ ಖರ್ಚೂ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿವೆ. ಮರುದಿನದ ಪಾಠದಲ್ಲಿ ಅವನು ಅದೇ ತರುಣರನ್ನು ಬೇರೆಯ ಕಣ್ಣಿನಿಂದ ನೋಡುವನು. ಕಚೇರಿಗೆ ಜೊತೆಯಲ್ಲಿ ಬಾ ಎಂದು ಕರೆದವನಿಗೆ, ಭಾನುವಾರ ನೀನೂ ಸಭೆಗೆ ಬಾ ಎಂದು ಹೇಳಿಯಾನು. ಪೋಷಕನು ಬೋಧಕನ ಮೇಲೆ ಇಟ್ಟ ಷರತ್ತು ಬೋಧಕನಲ್ಲಿ ನಿಲ್ಲದೆ, ಅವನ ಮೂಲಕ ಹರಿದು, ಅತ್ಯಂತ ಕೆಳಗೆ ನಿಂತಿರುವ ನಿರಾಶ್ರಿತನ ತಟ್ಟೆಯೊಳಕ್ಕೆ ಬೀಳುವುದು. ಅನ್ನದಲ್ಲಿ ಆಮಿಷವನ್ನು ಬೆರಸಿದವನು ಹೀಗೆ ಅನೇಕವೇಳೆ ದೂರದ ಊರಿನಲ್ಲಿ ಕುಳಿತ ಸಜ್ಜನನೇ ಆಗಿರುವನು.

ಇದರಿಂದ ಕೇಡಾಗುವುದು ನಿರಾಶ್ರಿತರಲ್ಲಿ ಹಿಂಜರಿದವರಿಗೆ ಮಾತ್ರವಲ್ಲ. ನಿಜವಾಗಿ ಶ್ರದ್ಧೆ ಹುಟ್ಟಿ ಕ್ರೈಸ್ತನಾದವನಿಗೆ ಇನ್ನೂ ಹೆಚ್ಚಿನ ಕೇಡು. ಆಶ್ರಯ ಕೋರುವವನ ಮತಪರಿವರ್ತನೆಯನ್ನು ಜರ್ಮನಿಯ ಅಧಿಕಾರಿಗಳೂ ನ್ಯಾಯಾಧೀಶರೂ ಪರೀಕ್ಷಿಸುವರು. ಸಭೆಯು ಕೊಟ್ಟ ದೀಕ್ಷಾಸ್ನಾನವು ಸಿಂಧುವೇ ಎಂದು ಕೇಳುವುದು ನ್ಯಾಯಸ್ಥಾನದ ಕೆಲಸವಲ್ಲ. ಆದರೆ ಆ ಶ್ರದ್ಧೆಯು ಅವನ ಬಾಳಿನಲ್ಲಿ ಎಷ್ಟು ಆಳವಾಗಿದೆಯೆಂದು ಪರೀಕ್ಷಿಸಬಹುದು ಎಂದು ಆ ದೇಶದ ಸಂವಿಧಾನ ನ್ಯಾಯಾಲಯವು ೨೦೨೦ನೆಯ ಏಪ್ರಿಲಿನಲ್ಲಿ ನಿರ್ಣಯಿಸಿದೆ. ಬೋಧಕನು ಸಂಖ್ಯೆಗಾಗಿ ಅವಸರಪಟ್ಟು ಹತ್ತು ಮಂದಿಗೆ ದೀಕ್ಷೆ ಕೊಟ್ಟು, ಅವರಲ್ಲಿ ಎಂಟು ಮಂದಿ ಕಾಗದಕ್ಕಾಗಿ ಬಂದವರೆಂದು ತೋರಿದರೆ, ಉಳಿದ ಇಬ್ಬರ ಮಾತನ್ನು ನ್ಯಾಯಾಧೀಶನು ನಂಬುವುದು ಹೇಗೆ? ಅವರನ್ನು ಹಿಂದಕ್ಕೆ ಕಳುಹಿಸಿದರೆ ಆಗಬಹುದಾದ ಅನರ್ಥದಲ್ಲಿ, ಎಣಿಕೆ ಕೇಳಿದ ಪೋಷಕನ ಪಾಲೂ ಇರುವುದು.

ದಾನವು ಕೇಳುವವನ ಸ್ವಾತಂತ್ರ್ಯಕ್ಕೆ ಅಡ್ಡಿಯಾಗಬಾರದೆಂಬ ಎಚ್ಚರಿಕೆ ಎರಡು ಮತಗಳ ಪೂರ್ವಿಕರಲ್ಲಿಯೂ ಇತ್ತು. ಸಂತ ಪೌಲನು ಕೊರಿಂಥ ಪಟ್ಟಣದಲ್ಲಿ ಗುಡಾರ ಹೊಲಿಯುವ ಕಸುಬಿನಿಂದ ಜೀವಿಸಿದನು. ಬೋಧಕನಿಗೆ ಬೋಧೆಯಿಂದ ಜೀವಿಸುವ ಹಕ್ಕುಂಟೆಂದು ತಾನೇ ಬರೆದವನು, ಆ ಊರಿನವರಿಂದ ಮಾತ್ರ ಏನನ್ನೂ ತೆಗೆದುಕೊಳ್ಳಲಿಲ್ಲ. ಮಾಕೆದೋನ್ಯದ ಫಿಲಿಪ್ಪಿಯವರು ಕಳುಹಿಸಿದುದನ್ನು ಸಂತೋಷದಿಂದ ಸ್ವೀಕರಿಸಿದನು. ಬೋಧೆ ಕೇಳುವವರೊಡನೆ ಕೊಡುಕೊಳ್ಳುವ ಮಾತು ಬಾರದಿರಲೆಂಬುದೇ ಇದರ ತಾತ್ಪರ್ಯ. ಇಸ್ಲಾಮಿನಲ್ಲಿ ಜಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕರೂ ಸೇರಿದ್ದಾರೆ, ಹೃದಯಗಳನ್ನು ಒಲಿಸಿಕೊಳ್ಳಬೇಕಾದವರೆಂಬ ಒಂದು ವರ್ಗವೂ ಇದೆ. ಖಲೀಫ ಉಮರರು ಇಂಥವರಿಗೆ ಕೊಡುವುದನ್ನು ನಿಲ್ಲಿಸಿದರೆಂದು ಪರಂಪರೆಯು ಹೇಳುತ್ತದೆ. ಹನಫಿ ಪಂಡಿತರು ಆ ವರ್ಗವೇ ಲುಪ್ತವಾಯಿತೆನ್ನುವರು. ಮತವು ತನ್ನ ಕಾಲ ಮೇಲೆ ನಿಂತಮೇಲೆ ಹಣದಿಂದ ಒಲಿಸುವುದು ಅನಾವಶ್ಯಕವೆಂಬುದು ಆ ನಿರ್ಣಯದ ಹಿಂದಿನ ಯುಕ್ತಿ.

ಕನ್ನಡನಾಡಿಗೂ ಈ ತೊಡಕು ಹೊಸದಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಕ್ರೈಸ್ತರಾದವರು ಜಾತಿಯಿಂದ ಹೊರಗಾಗಿ ಕುಲಕಸುಬನ್ನು ಕಳೆದುಕೊಳ್ಳುವುದನ್ನು ಕಂಡು, ನೇಯ್ಗೆಯ ಶಾಲೆಗಳನ್ನೂ, ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಹೊರದೂಡಲ್ಪಟ್ಟವನನ್ನು ಹಸಿವಿಗೆ ಬಿಡದಿರುವುದು ಧರ್ಮವೇ ಸರಿ. ಆದರೆ ಹಂಚಿನ ಕೂಲಿಗಾಗಿ ಬಂದವನಾರು, ಶ್ರದ್ಧೆಯಿಂದ ಬಂದವನಾರು ಎಂಬ ಸಂದೇಹಕ್ಕೂ ಅದರಿಂದಲೇ ಎಡೆಯಾಗುವುದು. ಮುಂದೆ ಆ ಕಾರ್ಖಾನೆಗಳಲ್ಲಿ ಕ್ರೈಸ್ತರಲ್ಲದವರಿಗೂ ಕೆಲಸ ದೊರೆತುದು, ಆ ಸಂದೇಹವನ್ನು ಕಡಿಮೆಮಾಡಲು ತಕ್ಕ ದಾರಿ.

ಹಾಗಾದರೆ ಸಿದ್ಧಾಂತವೇನು? ಬೋಧಕನನ್ನು ಪೋಷಿಸುವುದು ಧರ್ಮವೇ ಆಗಬಹುದು. ಆದರೆ ಬೋಧಕನು ನಿರಾಶ್ರಿತನಿಗೆ ಯಾವ ರೀತಿಯಿಂದ ಕೊಡಬೇಕೋ, ಪೋಷಕನು ಬೋಧಕನಿಗೂ ಅದೇ ರೀತಿಯಿಂದ ಕೊಡಬೇಕು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಮೂರು ವಿಧವಾಗಿ ವಿಂಗಡಿಸಿ, ಪ್ರತಿಫಲವನ್ನು ಬಯಸಿ ಕೊಟ್ಟುದನ್ನು ರಾಜಸವೆಂದು ಎಣಿಸಿದೆ. ಆತ್ಮಗಳ ಎಣಿಕೆಯೂ ಒಂದು ಪ್ರತಿಫಲವೇ. ಬೋಧೆ ಫಲಿಸದ ವರ್ಷಗಳಲ್ಲಿಯೂ, ಬೋಧಕನು ದಣಿದು ಕಾಯಿಲೆಬಿದ್ದಾಗಲೂ, ಮುದುಕನಾಗಿ ಊರಿಗೆ ಮರಳಿದಾಗಲೂ ಕೈಬಿಡದ ಪೋಷಣೆಯೇ ಅವನನ್ನು ಸತ್ಯವಂತನನ್ನಾಗಿ ಇರಿಸುವುದು. ಹೊಟ್ಟೆಯ ಭಯವಿಲ್ಲದವನು, ಅವಸರಪಡುವ ತರುಣನಿಗೆ ಇನ್ನೂ ಒಂದು ವರ್ಷ ಆಲೋಚಿಸು ಎಂದು ಹೇಳಬಲ್ಲನು. ನ್ಯಾಯಾಧೀಶನ ಮುಂದೆ ತಿಳಿದುದನ್ನು ತಿಳಿದಂತೆಯೇ ನುಡಿಯಬಲ್ಲನು. ಪೋಷಕರ ಕುತೂಹಲಕ್ಕಾಗಿ ಯಾರ ಹೆಸರನ್ನೂ ಭಾವಚಿತ್ರವನ್ನೂ ಊರೂರಿಗೆ ಕಳುಹಿಸಬೇಕಾಗಿಯೂ ಇಲ್ಲ. ಹಾಗೆ ಕಳುಹಿಸಿದ ಒಂದು ಚಿತ್ರದಿಂದ, ಸ್ವದೇಶದಲ್ಲಿ ಉಳಿದ ತಾಯಿಗೋ ತಮ್ಮನಿಗೋ ವಿಪತ್ತು ಬಂದೀತು.

ಹಣ ಕೊಟ್ಟವನಿಗೆ ಲೆಕ್ಕ ಕೇಳುವ ಅಧಿಕಾರವಿಲ್ಲವೆ, ಲೆಕ್ಕವಿಲ್ಲದ ದಾನವು ಮೋಸಕ್ಕೆ ದಾರಿಯಲ್ಲವೆ ಎಂದು ಇಲ್ಲಿ ಆಕ್ಷೇಪಿಸಬಹುದು. ಆಕ್ಷೇಪಣೆಯು ಯೋಗ್ಯವಾದುದೇ. ಹಣದ ಲೆಕ್ಕವನ್ನು ಕಾಸು ಬಿಡದೆ ಕೇಳಬೇಕು. ಬೋಧಕನು ಹೇಗೆ ಬಾಳುತ್ತಾನೆ, ತಾನು ಕ್ರೈಸ್ತಬೋಧಕನೆಂಬುದನ್ನು ಮರೆಮಾಚದೆ ಮೊದಲೇ ಹೇಳುತ್ತಾನೆಯೆ, ಬೇಡವೆಂದವನೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನೂ ಕೇಳಬೇಕು. ಕೇಳಬಾರದುದು ಮನುಷ್ಯರ ಲೆಕ್ಕ. ಗದ್ದೆಗೆ ನೀರು ಹಾಯಿಸಿದ ಆಳನ್ನು ಕಾಲುವೆ ಒಡೆದಿಲ್ಲವೆ ಎಂದು ಕೇಳಬಹುದು. ಮಳೆ ಏಕೆ ಬರಲಿಲ್ಲವೆಂದು ಕೇಳಲಾಗದು. ಶ್ರದ್ಧೆ ಹುಟ್ಟಿಸುವುದು ದೇವರ ಕೆಲಸವೆಂದು ಕ್ರೈಸ್ತಮತವೇ ಒಪ್ಪುವುದರಿಂದ, ಆ ಮತದ ಪೋಷಕನಿಗೆ ಈ ನಿಯಮವು ಹೊರೆಯಾಗಲಾರದು.

ಇನ್ನೊಂದು ಆಕ್ಷೇಪಣೆಯು ಇದಕ್ಕಿಂತ ಗಹನವಾದುದು. ತನ್ನ ಮತವೇ ಪರಮಶ್ರೇಯಸ್ಸೆಂದು ನಂಬಿದವನು ಅನ್ನವನ್ನು ಮಾತ್ರ ಕೊಟ್ಟು ಆ ಶ್ರೇಯಸ್ಸನ್ನು ಬಚ್ಚಿಟ್ಟರೆ ಅದು ಲೋಭವಲ್ಲವೆ? ಬಚ್ಚಿಡಬೇಕೆಂದು ಯಾರೂ ಹೇಳುವುದಿಲ್ಲ. ಹೇಳಲಿ, ಆದರೆ ಇಂದು ಒಲ್ಲೆನೆಂದವನಿಗೆ ನಾಳೆಯೂ ಅದೇ ಅನ್ನ, ಅದೇ ಪಾಠ, ಅದೇ ಸ್ನೇಹ ದೊರೆಯುವಂತಿರಲಿ. ಇಟಲಿ ದೇಶದಲ್ಲಿ ಇದಕ್ಕೆ ದೃಷ್ಟಾಂತವಿದೆ. ಸಂತ ಎಜಿದಿಯೋ ಎಂಬ ಕ್ಯಾಥೋಲಿಕ್ ಸಮುದಾಯವೂ, ಇಟಲಿಯ ಪ್ರಾಟೆಸ್ಟೆಂಟ್ ಸಭೆಗಳ ಒಕ್ಕೂಟವೂ, ವಾಲ್ಡೆನ್ಸಿಯನ್ ಸಭೆಯೂ ೨೦೧೫ನೆಯ ಡಿಸೆಂಬರಿನಲ್ಲಿ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, ೨೦೧೬ರಿಂದ ಲೆಬನಾನಿನಲ್ಲಿದ್ದ ಸಿರಿಯಾದ ನಿರಾಶ್ರಿತರನ್ನು ತಮ್ಮ ಖರ್ಚಿನಲ್ಲಿಯೇ ಕರೆತಂದು ಮನೆಮಾಡಿಸಿಕೊಟ್ಟವು. ಆರಿಸುವಾಗ ನೋಡಿದುದು ಅವರ ಸಂಕಟವನ್ನು, ಮತವನ್ನಲ್ಲ. ವಾಲ್ಡೆನ್ಸಿಯನ್ನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಆ ದೇಶದ ಪ್ರಜೆಗಳು ತಮ್ಮ ಆದಾಯ ತೆರಿಗೆಯಲ್ಲಿ ಸಾವಿರಕ್ಕೆ ಎಂಟರ ಭಾಗವು ಯಾವ ಮತಸಂಸ್ಥೆಗೆ ಸೇರಬೇಕೆಂದು ಸೂಚಿಸಬಹುದು. ಹಾಗೆ ಬಂದ ಹಣದಲ್ಲಿ ಒಂದು ಕಾಸನ್ನಾದರೂ ಈ ಸಭೆಯು ಪೂಜೆಗಾಗಲಿ ಪಾದ್ರಿಗಳ ಸಂಬಳಕ್ಕಾಗಲಿ ಬಳಸದೆ, ಎಲ್ಲವನ್ನೂ ಜನಹಿತದ ಕಾರ್ಯಗಳಿಗೆ ವಿನಿಯೋಗಿಸುವುದು. ಪಾದ್ರಿಗಳ ಸಂಬಳವನ್ನು ಸಭೆಯವರು ತಮ್ಮ ಕೈಯಿಂದ ಕೊಡುವರು. ಅನ್ನದ ಚೀಲ ಬೇರೆ, ಬೋಧೆಯ ಚೀಲ ಬೇರೆ ಎಂದು ಇಟ್ಟವರಿಗೆ ಎರಡನ್ನೂ ತಲೆಯೆತ್ತಿ ಕೊಡುವುದು ಸಾಧ್ಯ.

ದೂರದ ಜರ್ಮನಿಯ ಬೋಧಕನನ್ನು ನೆಪವಾಗಿಟ್ಟುಕೊಂಡ ಈ ವಿಚಾರವು ಮಠಕ್ಕೆ, ಪಾಠಶಾಲೆಗೆ, ಅನಾಥಾಲಯಕ್ಕೆ, ಧರ್ಮಪ್ರಚಾರದ ಸಂಘಕ್ಕೆ ವರ್ಷವರ್ಷವೂ ಕಾಣಿಕೆ ಸಲ್ಲಿಸುವ ಎಲ್ಲ ಗೃಹಸ್ಥರಿಗೂ ಸಲ್ಲುವಂಥದು. ಮುಂದಿನ ಸಾರಿ ಅಂಥ ಸಂಸ್ಥೆಯ ವರದಿಯು ಮನೆಗೆ ಬಂದಾಗ, ಅದರಲ್ಲಿರುವ ಸಂಖ್ಯೆಗಳನ್ನು ಓದಿ ಸಂತೋಷಪಡುವುದಕ್ಕೆ ಮುಂಚೆ, ಒಲ್ಲೆನೆಂದು ಹೇಳಿ ಹೋದವರಿಗೆ ಆ ಸಂಸ್ಥೆಯು ಆಮೇಲೆ ಏನು ಮಾಡಿತೆಂದು ಒಂದು ಕಾಗದ ಬರೆದು ಕೇಳುವುದು ಒಳ್ಳೆಯದು.